ಒಂದೇ ಡಬ್ಬಿಯಲ್ಲಿ ಮೂರು ಸಂಸಾರ

ನಮ್ಮ ಮನೆಯಲ್ಲಿ ಇರುವವರು ಮೂವರು. ನಾನು, ನನ್ನ ಹೆಂಡತಿ, ಮತ್ತು ಅವಳ ತಾಯಿ, ಅಂದರೆ ನನ್ನ ಅತ್ತೆ. ಕಂಪ್ಯೂಟರುಗಳೂ ಮೂರೇ. ತಲೆಗೊಂದು ಇದೆಯಲ್ಲ, ಇನ್ನೇನು ನಿನ್ನ ಗೋಳು ಅಂತ ನೀವು ಕೇಳಬಹುದು. ಗೋಳು ಇರುವುದೇ ಅಲ್ಲಿ. ಮೂರೂ ನಮ್ಮ ಆಫೀಸಿನವರು ಹಳೇ ಸಾಮಾನು ವಿಲೇವಾರಿ ಮಾಡಿದಾಗ ನಾನು ಹೊತ್ತುಕೊಂಡು ಬಂದವು. ಒಂದೇ ಕಂಪನಿಯವು, ಒಂದೇ ಬೂದು ಬಣ್ಣದವು, ಒಂದೇ ರಾಗದಲ್ಲಿ ಗೊರಕೆ ಹೊಡೆಯುವಂಥವು. ಮೂರನ್ನೂ ಒಟ್ಟಿಗೆ ಹಾಕಿದರೆ ಮನೆ ಬೇಕರಿಯ ಹಿಂಬದಿಯ ಹಾಗೆ ಕಾಯುತ್ತದೆ. ಅದರ ಮೇಲೆ ಯಾರಾದರೂ ಇಸ್ತ್ರಿಪೆಟ್ಟಿಗೆ ಹಚ್ಚಿದರೋ, ಮೀಟರಿನ ಹತ್ತಿರ ‘ಟಪ್’ ಅಂತ ಶಬ್ದ ಬಂದು ಇಡೀ ಮನೆ ಮೌನವ್ರತಕ್ಕೆ ಕೂರುತ್ತದೆ. ಆಮೇಲೆ ಮೂರು ಕೋಣೆಗಳಿಂದ ಮೂರು ಧ್ವನಿಗಳು. ಅದರಲ್ಲಿ ಎರಡು ನನ್ನನ್ನು ಕರೆಯುತ್ತವೆ. ಮೂರನೆಯದು ನನ್ನದೇ, ಅದು ‘ಬಂದೆ’ ಅನ್ನುತ್ತದೆ.

ಮೂವರಿಗೂ ಕಂಪ್ಯೂಟರು ಯಾತಕ್ಕೆ ಅಂತ ಹೇಳಿಬಿಡುತ್ತೇನೆ, ಮುಂದೆ ಗೊಂದಲ ಬೇಡ. ನನ್ನ ಹೆಂಡತಿ ಅನುವಾದಕಿ. ಮಿಕ್ಸಿ, ಹೀಟರು, ಬಟ್ಟೆ ಒಗೆಯುವ ಯಂತ್ರ ಇವುಗಳ ಜೊತೆ ಒಂದು ಸಣ್ಣ ಪುಸ್ತಕ ಬರುತ್ತದಲ್ಲ, ನಾವು ಡಬ್ಬಿಯ ಜೊತೆಗೇ ಎಸೆಯುತ್ತೇವಲ್ಲ, ಆ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ಅವಳ ಕೆಲಸ. (‘ಅದನ್ನೆಲ್ಲ ಯಾರು ಓದ್ತಾರೆ ಕಣೇ’ ಅಂತ ನಾನು ಒಂದು ಸಲ ಅಂದದ್ದಕ್ಕೆ ಎರಡು ದಿನ ಮನೆಯಲ್ಲಿ ಮಾತುಕತೆ ಇರಲಿಲ್ಲ. ಆ ಎರಡು ದಿನ ಬಿಸಿನೀರಿನ ಹೀಟರು ಹೇಗೆ ಹಚ್ಚಬೇಕು ಅನ್ನುವುದನ್ನು ನಾನು ಊಹೆಯ ಮೇಲೇ ತೀರ್ಮಾನಿಸಿದೆ.) ಅತ್ತೆ ನಿವೃತ್ತ ಟೆಲಿಫೋನ್ ಆಪರೇಟರು. ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಗಿಸಿಕೊಂಡು, ಊರಿನ ಅರ್ಧ ಜನರನ್ನು ಇನ್ನರ್ಧ ಜನರ ಜೊತೆ ಜೋಡಿಸಿದವರು. ಮೂರು ನಿಮಿಷ ಆದ ಕೂಡಲೇ, ಆ ಕಡೆ ಮದುವೆಯ ಮಾತುಕತೆಯೇ ನಡೆಯುತ್ತಿರಲಿ, ‘ತ್ರೀ ಮಿನಿಟ್ಸ್’ ಅಂತ ನಡುವೆ ಬಾಯಿ ಹಾಕಿದವರು. ಈಗ ಅವರು ಕಂಪ್ಯೂಟರಿನಲ್ಲಿ ಒಬ್ಬರೇ ಕೂತು ಇಸ್ಪೀಟು ಆಡುತ್ತಾರೆ. ಅವರ ಕಂಪ್ಯೂಟರು ಮೊದಲು ನನ್ನ ಹೆಂಡತಿಯದೇ ಆಗಿತ್ತು. ಫ್ಯಾನು ಕಿರುಗುಟ್ಟುತ್ತದೆ ಅಂತ ಅವಳು ಬಿಟ್ಟ ಮೇಲೆ, ಇದ್ದದ್ದು ಇದ್ದ ಹಾಗೇ ಅತ್ತೆಯ ಕೋಣೆ ಸೇರಿತು. ಇನ್ನು ನಾನು. ನಾನು ಬಲ್ಬಿನ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೇನೆ. ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಜಗತ್ತಿನ ಆಗುಹೋಗುಗಳನ್ನು ಗಮನಿಸುತ್ತೇನೆ. ಇದಕ್ಕಿಂತ ಹೆಚ್ಚು ವಿವರ ಬೇಡ.

ಇಷ್ಟರಲ್ಲಿ ನನಗೆ ಜ್ಞಾನೋದಯವಾಯಿತು. ಅದಕ್ಕೆ ಕಾರಣ ನಮ್ಮ ಆಫೀಸಿನ ಕಂಪ್ಯೂಟರು ವಿಭಾಗದವನು. ಅವನನ್ನು ನಾವೆಲ್ಲ ಕರೆಯುವುದು ರೀಸ್ಟಾರ್ಟ್ ಅಂತ. ಯಾವ ತೊಂದರೆ ಹೇಳಿದರೂ ಅವನ ಮದ್ದು ಅದೊಂದೇ. ಒಂದು ದಿನ ಅವನ ಕೋಣೆಗೆ ಹೋದರೆ, ಮೊದಲು ಸಾಲಾಗಿ ಇದ್ದ ಹತ್ತಾರು ಪೆಟ್ಟಿಗೆಗಳು ಮಾಯವಾಗಿ, ಒಂದೇ ಒಂದು ದೊಡ್ಡ ಪೆಟ್ಟಿಗೆ ಕಣ್ಣು ಮಿಟುಕಿಸುತ್ತಾ ಕೂತಿತ್ತು.

“ಉಳಿದವೆಲ್ಲ ಎಲ್ಲಿ ಹೋದವು?” ಅಂದೆ.

“ಎಲ್ಲಾ ಇದರೊಳಗೇ ಇವೆ ಸಾರ್. ಯಂತ್ರ ಒಂದೇ. ಅದರೊಳಗೆ ಬೇರೆ ಬೇರೆ ಕಂಪ್ಯೂಟರು ಇರೋ ಹಾಗೆ ಮಾಡೋದು. ಒಂದಕ್ಕೊಂದು ಗೊತ್ತೇ ಆಗಲ್ಲ. ಪ್ರತಿಯೊಂದೂ ಇಡೀ ಮನೆ ತನ್ನದೇ ಅಂದ್ಕೊಂಡಿರುತ್ತೆ. ವರ್ಚುವಲ್ ಅಂತಾರೆ.”

ನನ್ನ ಮೈ ಜುಮ್ಮೆಂದಿತು. ಒಂದೇ ಸೂರಿನ ಕೆಳಗೆ ಮೂರು ಸಂಸಾರ, ಆದರೆ ಒಬ್ಬರಿಗೆ ಇನ್ನೊಬ್ಬರು ಇರುವುದೇ ಗೊತ್ತಾಗುವುದಿಲ್ಲ. ಕೂಡು ಕುಟುಂಬದಲ್ಲಿ ಬೆಳೆದವನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಇದೆಯೇ?

“ಮನೇಲಿ ಮಾಡ್ಕೋಬಹುದಾ?” ಅಂದೆ.

“ಧಾರಾಳವಾಗಿ. ಪೆನ್‌ಡ್ರೈವಿಗೆ ಆ ಸಾಫ್ಟ್‌ವೇರ್ ಇಳಿಸ್ಕೊಂಡು, ಅದರಿಂದಲೇ ಯಂತ್ರ ಎಬ್ಬಿಸಿದರೆ ಆಯ್ತು. ಸಾಫ್ಟ್‌ವೇರ್ ಪುಕ್ಕಟೆ. ಕೈಪಿಡಿ ಒಂದು ಸಲ ಓದ್ಕೊಳ್ಳಿ.”

ಕೊನೆಯ ವಾಕ್ಯ ನನ್ನ ಕಿವಿಗೆ ಬಿದ್ದಿತಾದರೂ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಶನಿವಾರ ಮಧ್ಯಾಹ್ನದ ಊಟಕ್ಕೆ ಕೂತಾಗ ನನ್ನ ಮಹಾಯೋಜನೆಯನ್ನು ಘೋಷಿಸಿದೆ. ಮೂರು ಕಂಪ್ಯೂಟರುಗಳ ಸತ್ವವನ್ನೆಲ್ಲ ತೆಗೆದು ನನ್ನದಕ್ಕೆ ತುಂಬುವುದು, ಅದು ಮಹಾಯಂತ್ರವಾಗುವುದು, ಅದರ ಹಿಂದುಗಡೆ ಪರದೆ ಸಿಗಿಸಲು ಮೂರು ತೂತುಗಳಿವೆ, ಒಂದೊಂದಕ್ಕೆ ಒಬ್ಬೊಬ್ಬರ ಪರದೆ. ಮಾಳಿಗೆ ಮೇಲೆ ಒಂದೇ ನೀರಿನ ಟ್ಯಾಂಕು, ಕೆಳಗೆ ಬಚ್ಚಲಿಗೆ ಒಂದು ನಲ್ಲಿ, ಅಡುಗೆಮನೆಗೆ ಒಂದು ನಲ್ಲಿ ಇರುವುದಿಲ್ಲವೇ, ಹಾಗೆ.

“ರೀ, ನಾಳೆ ಸಂಜೆ ಆರು ಗಂಟೆಗೆ ನಾನು ವ್ಯಾಕ್ಯೂಮ್ ಕ್ಲೀನರ್ ಕಳಿಸಬೇಕು,” ಅಂದಳು ಹೆಂಡತಿ. ಅಂದರೆ ವ್ಯಾಕ್ಯೂಮ್ ಕ್ಲೀನರಿನ ಕೈಪಿಡಿ. “ಈ ಕಂಪನಿಯವರು ಮೊದಲನೇ ಸಲ ಕೊಟ್ಟಿದ್ದಾರೆ. ಇದು ಹೊತ್ತಿಗೆ ಸರಿಯಾಗಿ ಹೋದರೆ ವರ್ಷದ ಕೆಲಸ ಎಲ್ಲಾ ನನಗೇ. ತಡ ಆದರೆ ಬೇರೆಯವರಿಗೆ. ಸೋಮವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕಂತೆ. ಇನ್ನೂ ಕೊನೇ ಭಾಗ ಉಳಿದಿದೆ.”

“ಬೆಳಿಗ್ಗೆ ತಿಂಡಿಗೆ ಮುಂಚೆ ಶುರು ಮಾಡಿದರೆ, ತಿಂಡಿ ಆಗೋ ಹೊತ್ತಿಗೆ ನಿನ್ನ ಕಂಪ್ಯೂಟರು ಗಾಳಿಯ ಹಾಗೆ ಓಡ್ತಿರುತ್ತೆ. ನಿನಗೆ ಅರ್ಧ ಭಾಗದ ಶಕ್ತಿ ಕೊಡ್ತೀನಿ. ನನಗೆ ಉಳಿದದ್ದರಲ್ಲಿ ಮುಕ್ಕಾಲು ಪಾಲು.”

“ನನಗೆ?” ಅಂದರು ಅತ್ತೆ.

“ಇಸ್ಪೀಟಿಗೆ ಏನು ಬೇಕು ಅತ್ತೆ? ನಿಮಗೆ ಒಂದು ಚೂರು ಸಾಕು.”

ಅತ್ತೆ ಮಜ್ಜಿಗೆಯ ಲೋಟವನ್ನು ಸ್ವಲ್ಪ ಗಟ್ಟಿಯಾಗಿ ಕೆಳಗಿಟ್ಟರು. ಆಮೇಲೆ ಕೇಳಿದರು, “ಅಳಿಯಂದಿರೇ, ಬದಲಿ ಲೈನು ಇಟ್ಕೊಂಡಿದ್ದೀರಾ?”

“ಅಂದ್ರೆ?”

“ನಮ್ಮ ಎಕ್ಸ್‌ಚೇಂಜಿನಲ್ಲಿ ಹೊಸ ಬೋರ್ಡು ಕೂರಿಸೋವಾಗ, ಹೊಸದರಲ್ಲಿ ಮಾತು ಕೇಳೋವರೆಗೂ ಹಳೇ ಬೋರ್ಡಿನ ಒಂದು ವೈರನ್ನೂ ಕೀಳೋಕೆ ಬಿಡ್ತಿರಲಿಲ್ಲ.”

ನಾನು ನಕ್ಕೆ. ಕೈಯಿಂದ ವೈರು ಚುಚ್ಚುತ್ತಿದ್ದ ಕಾಲದ ಮಾತನ್ನು ಈ ಕಾಲಕ್ಕೆ ತಂದರೆ ನಗದೆ ಇನ್ನೇನು ಮಾಡುವುದು? ಆ ನಗುವನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಶನಿವಾರ ಸಂಜೆಯೇ ಪೆನ್‌ಡ್ರೈವ್ ಸಿದ್ಧಮಾಡಿದೆ. ಇಲ್ಲಿ ನೀವು ಒಂದು ವಿಷಯ ಊಹಿಸುತ್ತಿದ್ದೀರಿ ಅಂತ ನನಗೆ ಗೊತ್ತು. ಇವನು ಹೆಂಡತಿಯ ಅನುವಾದ ಇದ್ದ ಪೆನ್‌ಡ್ರೈವನ್ನೇ ಅಳಿಸಿಹಾಕುತ್ತಾನೆ, ಅಷ್ಟೇ ಅಲ್ಲವೇ ಕಥೆ ಅಂತ. ಸ್ವಾಮಿ, ನಾನು ಅಷ್ಟು ದಡ್ಡನಲ್ಲ. ಸಿದ್ಧಮಾಡುವಾಗ ಪೆನ್‌ಡ್ರೈವಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಆದ್ದರಿಂದ ಹೆಂಡತಿಯ ಕಡತಗಳನ್ನೆಲ್ಲ ಕೆಂಪು ಪೆನ್‌ಡ್ರೈವಿಗೆ ತುಂಬಿ, ತೆರೆದು ನೋಡಿ, ಮತ್ತೊಮ್ಮೆ ತೆರೆದು ನೋಡಿ, ಅದಕ್ಕೆ ದಾರ ಕಟ್ಟಿ ಅವಳ ಕೊರಳಿಗೇ ಹಾಕಿದೆ. ಅವಳು ಪರೀಕ್ಷೆಗೆ ಹೊರಟ ವಿದ್ಯಾರ್ಥಿನಿಯ ಹಾಗೆ ಅದನ್ನು ಹಾಕಿಕೊಂಡೇ ಪಾತ್ರೆ ಒರೆಸಿದಳು. ಸಾಫ್ಟ್‌ವೇರನ್ನು ಇಳಿಸಿದ್ದು ನನ್ನ ಸ್ವಂತ ನೀಲಿ ಪೆನ್‌ಡ್ರೈವಿಗೆ. ಅದು ‘ಬೂಟಬಲ್’ ಆಯಿತು, ಅಂದರೆ ಇನ್ನು ಅದರಿಂದಲೇ ಯಂತ್ರ ಎಬ್ಬಿಸಬಹುದು ಅಂತ ಪರದೆ ಹೇಳಿದಾಗ ನಾನು ಮನೆಯಲ್ಲೆಲ್ಲ ಅದನ್ನು ತೋರಿಸಿಕೊಂಡು ಬಂದೆ.

“ನೋಡೋಕೆ ಮೊದಲಿನ ಹಾಗೇ ಇದೆ,” ಅಂದರು ಅತ್ತೆ.

“ಒಳಗಡೆ ಬದಲಾಗಿದೆ ಅತ್ತೆ.”

“ಹೂಂ. ಅಳಿಯಂದಿರು ಮದುವೆ ಆದ ಹೊಸತರಲ್ಲೂ ಹೀಗೇ ಹೇಳ್ತಿದ್ದರು,” ಅಂತ ಮಗಳಿಗೆ ಹೇಳಿ ಕೋಣೆಗೆ ಹೋದರು.

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಶುರುವಾಯಿತು. ಹಾಲಿನ ನಡುವೆ ಹಳೇ ಚಾದರ ಹಾಸಿದೆ. ನನ್ನ ಕಂಪ್ಯೂಟರಿನ ಹೊಟ್ಟೆ ತೆರೆದೆ. ಒಳಗೆ ಇದ್ದ ಧೂಳನ್ನು ನೋಡಿದರೆ ಹೆಂಡತಿ ಅನುವಾದಿಸುತ್ತಿದ್ದ ವ್ಯಾಕ್ಯೂಮ್ ಕ್ಲೀನರಿನ ನೆನಪಾಗುತ್ತಿತ್ತು. ಆಮೇಲೆ ಅವಳ ಕಂಪ್ಯೂಟರಿನ ಹೊಟ್ಟೆ. ಅದರೊಳಗಿನ ಎರಡು ಮೆಮೊರಿ ಪಟ್ಟಿಗಳನ್ನು ಕಿತ್ತು ನನ್ನದಕ್ಕೆ ಕೂರಿಸಿದೆ. ಅವಳ ಡಿಸ್ಕನ್ನೂ ಬಿಚ್ಚಿ ನನ್ನದರ ಪಕ್ಕಕ್ಕೆ ಸೇರಿಸಿದೆ. ಕಡತವೆಲ್ಲ ಕೊರಳಲ್ಲಿ ಕ್ಷೇಮವಾಗಿದೆಯಲ್ಲ, ಮತ್ತೇನು? ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿಟ್ಟೆ. ಹೆಂಡತಿ ಟೀ ತಂದು, ಜಾಗವಿಲ್ಲದೆ ಅದೇ ತಟ್ಟೆಯಲ್ಲಿ ಬಿಸ್ಕತ್ತನ್ನೂ ಇಟ್ಟಳು. ಆ ದಿನ ಒಂದು ಸ್ಕ್ರೂ ಕಡಿಮೆ ಬಂತು. ಅದರ ಬಗ್ಗೆ ನಾನು ಇವತ್ತಿನವರೆಗೂ ವೈದ್ಯರ ಹತ್ತಿರ ಪ್ರಸ್ತಾಪಿಸಿಲ್ಲ.

“ಅತ್ತೆ, ನಿಮ್ಮದು ತರಲಾ?” ಅಂತ ಕೂಗಿದೆ.

“ಬೇಡ ಬೇಡ, ನೀವು ಬಗ್ಗಬೇಡಿ. ನಾನೇ ತೆಗೆದು ಕೊಡ್ತೀನಿ. ಹೇಗೆ ತೆಗೆಯೋದು ಅಂತ ಇವಳದರಲ್ಲಿ ನೋಡಿದೆನಲ್ಲ,” ಅಂದರು. ಸ್ವಲ್ಪ ಹೊತ್ತಿಗೆ ಒಂದು ಮೆಮೊರಿ ಪಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಅಂಗೈಯಲ್ಲಿಟ್ಟರು. “ಡಿಸ್ಕು ಆಮೇಲೆ ತಗೊಳ್ಳಿ. ಮೊದಲು ಇವಳದು ನಡೀಲಿ.”

ಈ ವಯಸ್ಸಿನಲ್ಲೂ ಎಷ್ಟು ಸಹಕಾರ ಅಂತ ನನ್ನ ಕಣ್ಣು ಒದ್ದೆಯಾಯಿತು. ಇಡೀ ಕುಟುಂಬ ತನ್ನ ಸ್ಮರಣಶಕ್ತಿಯನ್ನು ತಂದು ನನ್ನ ಮುಂದೆ ಸುರಿದಿತ್ತು.

ಮುಂದಿನ ಹಂತ, ಯಂತ್ರವನ್ನು ಪೆನ್‌ಡ್ರೈವಿನಿಂದ ಎಬ್ಬಿಸುವುದು. ಯಂತ್ರ ಏಳುವಾಗ ಪರದೆಯ ಮೂಲೆಯಲ್ಲಿ ‘ಇಂಥ ಕೀಲಿ ಒತ್ತಿ’ ಅಂತ ಒಂದು ಸಾಲು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಯಾವ ಕೀಲಿ ಅಂತ ಓದುವಷ್ಟರಲ್ಲಿ ಹಳೇ ಕಂಪ್ಯೂಟರೇ ಎದ್ದು ‘ಸುಸ್ವಾಗತ’ ಅನ್ನುತ್ತದೆ. ಆರಿಸಿ ಮತ್ತೆ ಹಚ್ಚಿದೆ. ಮತ್ತೆ ಸುಸ್ವಾಗತ. ಅಷ್ಟು ಮರ್ಯಾದೆಯ ಸ್ವಾಗತ ನನಗೆ ಯಾವ ಮನೆಯಲ್ಲೂ ಸಿಕ್ಕಿರಲಿಲ್ಲ, ಅದೂ ಬೇಡವಾದ ಹೊತ್ತಿನಲ್ಲಿ. ಕೊನೆಗೆ ಹೆಂಡತಿಯನ್ನು ಕರೆದು ಪರದೆಯ ಮೂಲೆಗೆ ಕಾವಲು ಕೂರಿಸಿದೆ. ನಾನು ಕೀಲಿಮಣೆಯ ಮೇಲಿನ ಸಾಲಿನ ಅಷ್ಟೂ ಕೀಲಿಗಳನ್ನು ಹಾರ್ಮೋನಿಯಂ ಬಾರಿಸುವವನ ಹಾಗೆ ಆ ತುದಿಯಿಂದ ಈ ತುದಿಗೆ ಬಾರಿಸಿದೆ.

“ಎಫ್ ಹನ್ನೆರಡು,” ಅಂದಳು ಅವಳು. “ಇಷ್ಟಗಲ ಬರೆದಿತ್ತು ರೀ.”

ಒತ್ತಿದೆ. ಪೆನ್‌ಡ್ರೈವಿನ ಹೆಸರು ಪರದೆಯ ಮೇಲೆ ಬಂತು. ನನ್ನ ಸಂತೋಷ ಹೇಳತೀರದು. ಹೆಂಡತಿಯ ಎರಡೂ ಕೈ ಹಿಡಿದು ಹಾಲಿನಲ್ಲಿ ಒಂದು ಸುತ್ತು ತಿರುಗಿದೆ. ಅವಳೂ ತಿರುಗಿದಳು ಅನ್ನಿ. ಕೊರಳಿನ ಪೆನ್‌ಡ್ರೈವ್ ಹಾರಿ ನನ್ನ ಹಲ್ಲಿಗೆ ಬಡಿಯಿತು.

ಆಮೇಲೆ ಎಲ್ಲವೂ ಸಲೀಸು. ಯಂತ್ರ ಒಂದೊಂದಾಗಿ ಪ್ರಶ್ನೆ ಕೇಳಿತು, ನಾನು ಒಂದೊಂದಾಗಿ ಒಪ್ಪಿದೆ. ಗುಟ್ಟಿನ ಪದ ಕೊಡಿ ಅಂತು, ಕೊಟ್ಟೆ. ಯಾವ ಡಿಸ್ಕಿಗೆ ಹಾಕಲಿ ಅಂತು, ಎರಡಕ್ಕೂ ಹಾಕು ಅಂದೆ. ‘ಎರಡೂ ಡಿಸ್ಕುಗಳಲ್ಲಿ ಇರುವುದೆಲ್ಲ ಪೂರ್ತಿ ಅಳಿಸಿಹೋಗುತ್ತದೆ, ಒಪ್ಪಿಗೆಯೇ’ ಅಂತ ಕೇಳಿತು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳದೆ ಒಪ್ಪಿಗೆ ಕೊಡುವುದು ನನಗೆ ರೂಢಿಯಾಗಿದೆ. ಒಪ್ಪಿದೆ. ಹಸಿರು ಪಟ್ಟಿ ಎಡದಿಂದ ಬಲಕ್ಕೆ ಓಡಿತು. ಮುಗಿಯಿತು, ಪೆನ್‌ಡ್ರೈವ್ ತೆಗೆಯಿರಿ ಅಂದಿತು. ತೆಗೆದೆ.

ತಿಂಡಿಯ ಹೊತ್ತಿಗೆ ಉಳಿದ ಎರಡು ಪರದೆಗಳನ್ನೂ ಕೋಣೆಗಳಿಂದ ಹೊತ್ತು ತಂದು, ಮೂರನ್ನೂ ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಮಹಾಯಂತ್ರದ ಬೆನ್ನಿಗೆ ಸಿಗಿಸಿದ್ದೆ. ಅತ್ತೆ ಮತ್ತು ಹೆಂಡತಿಯನ್ನು ಕುರ್ಚಿ ಹಾಕಿ ಕೂರಿಸಿದೆ. ಸಣ್ಣದೊಂದು ಭಾಷಣವನ್ನೂ ಮಾಡಿದೆ ಅನ್ನಿಸುತ್ತದೆ. ‘ಇಂದಿನಿಂದ ಈ ಮನೆಯಲ್ಲಿ’ ಅಂತ ಶುರುವಾಗಿತ್ತು. ಗುಂಡಿ ಒತ್ತಿದೆ.

ಮೂರು ಪರದೆಗಳೂ ಒಟ್ಟಿಗೆ ಕಪ್ಪಾದವು. ಮೂರರಲ್ಲೂ ಒಂದೇ ಥರದ ಎರಡು ಸಾಲು ಬಿಳಿ ಅಕ್ಷರ ಬಂತು. ‘ಸ್ವಾಗತ. ಈ ಯಂತ್ರವನ್ನು ನಡೆಸಲು ನಿಮ್ಮ ಬ್ರೌಸರಿನಲ್ಲಿ ಈ ವಿಳಾಸಕ್ಕೆ ಹೋಗಿ’ ಅನ್ನುವುದು ಅದರ ಸಾರಾಂಶ. ಕೆಳಗೆ ಒಂದಿಷ್ಟು ಅಂಕಿಗಳ ವಿಳಾಸ.

ನಾವು ಮೂವರೂ ಕಾದೆವು. ಅಕ್ಷರಗಳೂ ಕಾದವು.

“ನನ್ನದು ಯಾವುದು?” ಅಂದಳು ಹೆಂಡತಿ.

“ನಡೂದು.”

“ಅದರಲ್ಲೂ ಇದೇ ಇದೆ.”

“ಬರುತ್ತೆ ಇರು.” ನಾನು ಮೌಸನ್ನು ಅಲ್ಲಾಡಿಸಿದೆ. ಬಾಣ ಇರಲಿಲ್ಲ. ಕೀಲಿಮಣೆಯ ಮೇಲಿನ ಸಾಲನ್ನು ಮತ್ತೊಮ್ಮೆ ಬಾರಿಸಿದೆ. ಈ ಸಲ ಯಾವ ರಾಗವೂ ಹೊರಡಲಿಲ್ಲ. ಬ್ರೌಸರು ಹುಡುಕಿದೆ. ಆ ಕಪ್ಪು ಪರದೆಯಲ್ಲಿ ಹುಡುಕಲು ಜಾಗವೇ ಇರಲಿಲ್ಲ. ಮೂರು ನಲ್ಲಿಗಳನ್ನೂ ತಿರುಗಿಸಿದ್ದಾಯಿತು, ಮೂರರಲ್ಲೂ ಬರೀ ಗಾಳಿ.

ಬಾಲ್ಕನಿಗೆ ಹೋಗಿ ರೀಸ್ಟಾರ್ಟಿಗೆ ಫೋನು ಹಚ್ಚಿದೆ. ಅವನು ಎಲ್ಲೋ ಕ್ಷೌರಕ್ಕೆ ಕೂತಿದ್ದ. ಕತ್ತರಿಯ ಶಬ್ದ ಕೇಳುತ್ತಿತ್ತು.

“ರೀಸ್ಟಾರ್ಟ್ ಮಾಡಿ ನೋಡಿದ್ರಾ ಸಾರ್?”

“ಮಾಡಿದೆ. ವಿಳಾಸ ಮಾತ್ರ ತೋರಿಸ್ತಾ ಇದೆ.”

“ಹಾಗಾದ್ರೆ ಸರಿಯಾಗೇ ಆಗಿದೆ. ಅದಕ್ಕೆ ಅಷ್ಟೇ ಮುಖ ಇರೋದು. ಇನ್ನೊಂದು ಕಂಪ್ಯೂಟರಿಂದ ಆ ವಿಳಾಸ ತೆಗೀರಿ. ಅಲ್ಲಿಂದಲೇ ಎಲ್ಲಾ ನಡೆಸೋದು.”

“ಇನ್ನೊಂದು ಅಂದ್ರೆ?”

“ಮನೇಲಿ ಬೇರೆ ಕಂಪ್ಯೂಟರು ಇರುತ್ತಲ್ಲ ಸಾರ್.”

“ಇತ್ತು.”

“ಈಗ?”

“ಈಗ ಇದರೊಳಗಿದೆ.”

ಕತ್ತರಿ ನಿಂತಿತು. ಆಮೇಲೆ ಅವನು ತುಂಬಾ ಮೃದುವಾಗಿ, ಆಸ್ಪತ್ರೆಯಲ್ಲಿ ಮಾತಾಡುವವರ ಹಾಗೆ ಕೇಳಿದ. “ಸಾರ್, ನೀವು ಹಿಂದಿನ ತೂತುಗಳಿಗೆ ಪರದೆ ಸಿಗಿಸಿ, ಅದರಲ್ಲಿ ಒಂದೊಂದು ಕಂಪ್ಯೂಟರು ಬರುತ್ತೆ ಅಂದ್ಕೊಂಡ್ರಾ?”

“ಛೆ ಛೆ,” ಅಂದೆ. “ಅಷ್ಟೂ ಗೊತ್ತಾಗಲ್ವಾ ನನಗೆ?” ಫೋನು ಇಟ್ಟೆ.

ಒಳಗೆ ಬಂದು ನೋಡಿದರೆ ಹೆಂಡತಿ ಅದೇ ಕುರ್ಚಿಯಲ್ಲಿ, ಕೊರಳಿನ ಪೆನ್‌ಡ್ರೈವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕೂತಿದ್ದಳು. ವಿಷಯ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

“ನಾನು ಅನುವಾದ ಮಾಡೋ ಒಂದೊಂದು ಕೈಪಿಡಿಯ ಮೊದಲನೇ ಪುಟದಲ್ಲೂ ಒಂದು ತಲೆಬರಹ ಇರುತ್ತೆ ರೀ,” ಅಂದಳು. “‘ಶುರು ಮಾಡುವ ಮುನ್ನ’ ಅಂತ. ಏನೇನು ಪಕ್ಕದಲ್ಲಿ ಇಟ್ಕೋಬೇಕು ಅಂತ ಅದರಲ್ಲೇ ಬರೆದಿರುತ್ತೆ. ಮಿಕ್ಸಿಗೂ ಇರುತ್ತೆ. ಇದಕ್ಕೆ ಇರಲಿಲ್ವಾ?”

ಇತ್ತೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ನನಗೆ ನಿಜವಾಗಿಯೂ ಹೆದರಿಕೆಯಾಯಿತು. ವರ್ಷಗಟ್ಟಲೆ ಒಂದೊಂದು ಮಿಕ್ಸಿ, ಒಂದೊಂದು ಹೀಟರು ಅಂತ ಚಿಲ್ಲರೆ ಕೆಲಸ ಹುಡುಕಿ ಹುಡುಕಿ ಮಾಡಿದವಳಿಗೆ ಮೊದಲನೇ ಸಲ ಒಂದು ದೊಡ್ಡ ಬಾಗಿಲು ತೆರೆದಿತ್ತು. ಆ ಬಾಗಿಲಿಗೆ ಅಡ್ಡವಾಗಿ ನಾನು ಈ ಪೆಟ್ಟಿಗೆಯನ್ನು ತಂದಿಟ್ಟಿದ್ದೆ.

ಮೊಬೈಲು ಇದೆಯಲ್ಲ ಅಂತ ತಟ್ಟನೆ ಹೊಳೆಯಿತು. ಅದರಲ್ಲೂ ಬ್ರೌಸರು ಇರುತ್ತದಷ್ಟೇ. ವಿಳಾಸ ಒತ್ತಿದೆ. ಬಂತು. ಇಡೀ ಮಹಾಯಂತ್ರದ ಆಡಳಿತ ನನ್ನ ಅಂಗೈಗೆ ಬಂತು. ಅಕ್ಷರಗಳು ಮಾತ್ರ ಸಾಸಿವೆ ಕಾಳಿನ ಗಾತ್ರ. ಹೆಂಡತಿಯ ಓದುವ ಕನ್ನಡಕ ಇಸಿದುಕೊಂಡು ಒಂದು ವರ್ಚುವಲ್ ಕಂಪ್ಯೂಟರು ಹುಟ್ಟಿಸಿದೆ. ಅದಕ್ಕೆ ‘ಶ್ರೀಮತಿ’ ಅಂತ ಹೆಸರಿಟ್ಟೆ. ಹುಟ್ಟಿತು. ಆದರೆ ಖಾಲಿ ಹುಟ್ಟಿತು. ಅದರೊಳಗೆ ಮತ್ತೆ ಎಲ್ಲವನ್ನೂ ಮೊದಲಿಂದ ಹಾಕಬೇಕಂತೆ. ಹಾಕಿದರೂ ಅದು ಕಾಣುವುದು ಇದೇ ಮೊಬೈಲಿನಲ್ಲಿ. ಒಂದು ಅಕ್ಷರ ಬರೆಯೋಣ ಅಂತ ಮುಟ್ಟಿದರೆ ಮೊಬೈಲಿನ ಕೀಲಿಮಣೆ ಕೆಳಗಿಂದ ಎದ್ದು ಬಂದು ಇಡೀ ಕಂಪ್ಯೂಟರನ್ನು ಮುಚ್ಚಿಬಿಡುತ್ತಿತ್ತು. ಕೀಲಿಮಣೆ ಇಳಿಸಿದರೆ ಬರೆಯುವುದಕ್ಕೆ ಆಗುವುದಿಲ್ಲ, ಏರಿಸಿದರೆ ನೋಡುವುದಕ್ಕೆ ಆಗುವುದಿಲ್ಲ. ನಾನು ಏರಿಸಿ ಇಳಿಸಿ, ಏರಿಸಿ ಇಳಿಸಿ, ಕಿಟಕಿಯ ಪರದೆ ಎಳೆಯುವವನ ಹಾಗೆ ಕೂತಿದ್ದಾಗ, ಗಡಿಯಾರ ಮಧ್ಯಾಹ್ನ ದಾಟಿಹೋಗಿತ್ತು.

“ನಿನ್ನ ಮೆಮೊರಿ ಪಟ್ಟಿಗಳನ್ನ ನಿನ್ನ ಕಂಪ್ಯೂಟರಿಗೇ ವಾಪಸ್ ಹಾಕ್ತೀನಿ,” ಅಂದೆ.

“ಹಾಕಿ. ಡಿಸ್ಕು ಅಳಿಸಿದ್ದೀರಲ್ಲ, ಅದರಲ್ಲಿ ಏನು ಎದ್ದು ಬರುತ್ತೆ?” ಅಂದಳು ಹೆಂಡತಿ. ಮೂರು ಪರದೆಗಳೂ ಅದೇ ಎರಡು ಸಾಲುಗಳನ್ನು ತೋರಿಸುತ್ತ ನನ್ನನ್ನು ಇನ್ನೂ ಸ್ವಾಗತಿಸುತ್ತಿದ್ದವು.

ಆಗ ಅತ್ತೆ ಎದ್ದರು. ಊಟದ ಮೇಜಿನ ಹತ್ತಿರ ಬಂದು ತಮ್ಮ ಪರದೆಯ ವೈರನ್ನು ಮಹಾಯಂತ್ರದ ಬೆನ್ನಿನಿಂದ ಎಳೆದರು. ಪರದೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೋಣೆಗೆ ನಡೆದರು. ಕಂಪ್ಯೂಟರಿಗೆ ಪ್ರಾಣ ಇಲ್ಲದಿದ್ದರೂ ಪರದೆಯಾದರೂ ಸ್ವಸ್ಥಾನ ಸೇರಲಿ ಅಂತಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಆ ಕೋಣೆಯಿಂದ ಒಂದು ಶಬ್ದ ಬಂತು. ಕಿರ್ರ್, ಕಿರ್ರ್.

ನಾನೂ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಫ್ಯಾನಿನ ಕಿರುಗುಟ್ಟುವಿಕೆ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಓಡಿಹೋಗಿ ನೋಡಿದರೆ ಅತ್ತೆಯ ಕಂಪ್ಯೂಟರು ಎದ್ದು ಕೂತಿದೆ. ನಿಧಾನ, ಆದರೆ ಎದ್ದಿದೆ. ಪರದೆಯ ಮೇಲೆ ಇಸ್ಪೀಟಿನ ರಾಣಿ ಕೂಡ ಇದ್ದಾಳೆ.

“ಅತ್ತೆ, ಇದರ ಮೆಮೊರಿ ನನಗೆ ಕೊಟ್ರಲ್ಲ?”

“ಒಂದು ಕೊಟ್ಟೆ. ಒಳಗೆ ಎರಡಿತ್ತು,” ಅಂದರು ಅತ್ತೆ. “ಹೊಸ ಬೋರ್ಡಿನಲ್ಲಿ ಇನ್ನೂ ಮಾತು ಕೇಳಿರಲಿಲ್ಲವಲ್ಲ ಅಳಿಯಂದಿರೇ.”

ನಾನು ಆ ಕ್ಷಣದಲ್ಲಿ ಅವರ ಕಾಲಿಗೆ ಬೀಳುವವನಿದ್ದೆ. ಆದರೆ ಕೆಳಗೆ ವೈರುಗಳಿದ್ದವು. ಮೊದಲೇ ಹೇಳಿದ್ದೆನಲ್ಲ, ಅದು ಹೆಂಡತಿ ಬಿಟ್ಟ ಕಂಪ್ಯೂಟರು. ಅವಳು ಅನುವಾದಕ್ಕೆ ಬಳಸುವ ಸಾಫ್ಟ್‌ವೇರೂ ಅದರ ನಿಘಂಟೂ ಇದ್ದಲ್ಲೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಅವಳು ಕೊರಳಿನ ದಾರ ಬಿಚ್ಚಿ ಕೆಂಪು ಪೆನ್‌ಡ್ರೈವ್ ಸಿಗಿಸಿದಳು. ವ್ಯಾಕ್ಯೂಮ್ ಕ್ಲೀನರ್ ತೆರೆದುಕೊಂಡಿತು. ಒಂದೊಂದು ಪುಟ ತೆರೆಯಲು ಆಕಳಿಸುವಷ್ಟು ಹೊತ್ತು ಹಿಡಿಯುತ್ತಿತ್ತು, ಆದರೂ ತೆರೆಯುತ್ತಿತ್ತು. ನನ್ನ ಎದೆಯ ಮೇಲಿಂದ ಗುಂಡುಕಲ್ಲು ಇಳಿದ ಹಾಗಾಯಿತು. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಗೋಡೆಯ ಗಡಿಯಾರ ನೋಡುತ್ತಾ ಕಾವಲು ಕೂತರು. ನಾನು ಬಾಗಿಲಲ್ಲಿ ಕಾಣಿಸಿದಾಗಲೆಲ್ಲ, “ಲೈನು ಎಂಗೇಜು” ಅಂದರು. ಇಸ್ತ್ರಿಪೆಟ್ಟಿಗೆಯನ್ನು ಯಾರೂ ಮುಟ್ಟದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಕೈಪಿಡಿ ಹೊರಟುಹೋಯಿತು. ಹೆಂಡತಿ ಕುರ್ಚಿಗೆ ಒರಗಿ ಗಟ್ಟಿಯಾಗಿ ನಕ್ಕಳು. ಬಾಗಿಲಲ್ಲಿ ನಿಂತಿದ್ದ ನಾನೂ ನಕ್ಕೆ. ನನ್ನ ನಗು ಮುಗಿಯುವ ಮೊದಲೇ ಅವಳದು ನಿಂತಿತು.

“ಈಗ ನಾನು ಒಂದು ಸ್ವಲ್ಪ ಕೂತ್ಕೊಳ್ಳಲಾ?” ಅಂದೆ. “ಮಹಾಯಂತ್ರದ ಒಳಗೆ ಮೂರು ಕಂಪ್ಯೂಟರು ಹುಟ್ಟಿಸೋದು ಬಾಕಿ ಇದೆ. ಇಲ್ಲಿಂದ ಸುಲಭ.”

ಅತ್ತೆ ಕನ್ನಡಕ ಸರಿಮಾಡಿಕೊಂಡರು. “ಈಗ ಮನೇಲಿರೋದು ಒಂದೇ ಕಂಪ್ಯೂಟರು. ಜನ ಮೂವರು. ಹಂಚಿಕೊಂಡು ಬಳಸಬೇಕು, ಅಲ್ವಾ? ನೀವು ಹೇಳಿದ ಲೆಕ್ಕವೇ ಇರಲಿ. ಇವಳಿಗೆ ಅರ್ಧ ದಿನ. ಉಳಿದದ್ದರಲ್ಲಿ ಮುಕ್ಕಾಲು ಪಾಲು, ಯಂತ್ರ ಯಾರದೋ ಅವರಿಗೆ.”

“ಅಂದ್ರೆ ನಿಮಗೆ. ನನಗೆ?”

“ನೀವು ಅಲ್ಲಿ ಮಾಡೋದೇನು? ಜಗತ್ತಿನ ಆಗುಹೋಗು ನೋಡ್ತೀರಿ. ಅದಕ್ಕೆ ಒಂದು ಚೂರು ಸಾಕು.”

ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಅಲ್ಲಿ ಇದ್ದದ್ದು ಎದುರು ಮನೆಯ ಗೋಡೆ.

ಆ ಚೂರು ಎಷ್ಟು ದೊಡ್ಡದು ಅಂತ ಅದೇ ಸಂಜೆ ಗೊತ್ತಾಯಿತು. ಅತ್ತೆಯ ಕುರ್ಚಿಯಲ್ಲಿ ಕೂತು, ಮಹಾಯಂತ್ರದ ವಿಳಾಸ ಒತ್ತಿ, ಗುಟ್ಟಿನ ಪದ ಹಾಕಿ, ಆ ಮುದಿ ಕಂಪ್ಯೂಟರು ಯೋಚಿಸಿ ಯೋಚಿಸಿ ಮೊದಲನೇ ಪುಟ ತೋರಿಸುವಷ್ಟರಲ್ಲಿ ಬೆನ್ನ ಹಿಂದಿನಿಂದ ಧ್ವನಿ ಬಂತು.

“ತ್ರೀ ಮಿನಿಟ್ಸ್.”

“ಅತ್ತೆ, ಈಗ ತಾನೇ ತೆರೀತು.”

“ಮುಂದಿನ ಕಾಲ್ ಕಾಯ್ತಾ ಇದೆ,” ಅಂದು ಅತ್ತೆ ಇಸ್ಪೀಟಿನ ರಾಣಿಯನ್ನು ಕರೆತಂದರು.

ಮಹಾಯಂತ್ರ ಹಾಲಿನ ಮೂಲೆಯಲ್ಲಿ ಈಗಲೂ ಇದೆ. ಮನೆಯವರೆಲ್ಲರ ಸ್ಮರಣಶಕ್ತಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ಯಾವ ತೊಂದರೆಯೂ ಇಲ್ಲದೆ, ಹಸಿರು ದೀಪ ಮಿಟುಕಿಸುತ್ತಾ, ಯಾರೂ ವಾಸವಿಲ್ಲದ ಬಂಗಲೆಯ ಹಾಗೆ ನಡೆಯುತ್ತಿದೆ. ಮೇಲೆ ಹೂದಾನಿ ಇಟ್ಟಿದ್ದಾರೆ. ಹೆಂಡತಿಗೆ ಸೋಮವಾರ ಬೆಳಿಗ್ಗೆಯೇ ಆ ಕಂಪನಿಯ ವರ್ಷದ ಕೆಲಸ ಸಿಕ್ಕಿತು. ಮೊದಲು ಬಂದದ್ದು ಬ್ರೆಡ್ ಸುಡುವ ಯಂತ್ರ. ‘ಶುರು ಮಾಡುವ ಮುನ್ನ’ ಅನ್ನುವ ಪುಟವನ್ನು ಅವಳು ಅನುವಾದಿಸಿದ ಮೇಲೆ ನನ್ನ ಕೈಗೇ ಕೊಟ್ಟು ಗಟ್ಟಿಯಾಗಿ ಓದಿಸುತ್ತಾಳೆ. ಅರ್ಥವಾಗುತ್ತದೋ ಇಲ್ಲವೋ ಪರೀಕ್ಷೆ ಮಾಡುವುದಕ್ಕಂತೆ. ನನಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತದೆ ಅಂತ ಅವಳ ಲೆಕ್ಕ.

ಅದೇ ಸೋಮವಾರ ಆಫೀಸಿನಲ್ಲಿ ರೀಸ್ಟಾರ್ಟ್ ಎದುರಾದ. ಹೊಸ ಕ್ಷೌರ, ಒಂದು ಕಿವಿಯ ಪಕ್ಕ ಮಾತ್ರ ಕೂದಲು ಸ್ವಲ್ಪ ಹೆಚ್ಚು ಹೋಗಿತ್ತು. ನನ್ನ ಫೋನು ಬಂದ ಹೊತ್ತಿನಲ್ಲೇ ಆದದ್ದಂತೆ.

“ಏನಾಯ್ತು ಸಾರ್ ಕೊನೆಗೆ? ನಡೀತಾ ಇದೆಯಾ?”

ಮಾನ ಅನ್ನುವುದು ಒಂದಿದೆಯಲ್ಲ. “ನಡೀತಾ ಇದೆಯಾ ಅಂತ ಕೇಳ್ತೀಯಲ್ಲ,” ಅಂದೆ. “ಒಂದೇ ಯಂತ್ರ, ಮೂವರು ಬಳಸ್ತೀವಿ. ಯಾರಿಗೆ ಎಷ್ಟು ಅನ್ನೋದೆಲ್ಲ ಒಂದೇ ಕಡೆಯಿಂದ ಹಂಚಿಕೆ. ಒಂದು ನಿಮಿಷ ಆ ಕಡೆ ಈ ಕಡೆ ಆಗಲ್ಲ.”

ಅವನ ಕಣ್ಣು ಅರಳಿತು. “ಅಷ್ಟು ಚೊಕ್ಕವಾಗಿ ಹಂಚುತ್ತಾ? ಯಾವ ಸಾಫ್ಟ್‌ವೇರ್ ಸಾರ್ ಅದು?”

“ಹಳೇ ಕಾಲದ್ದು. ತುಂಬಾ ಗಟ್ಟಿ.”

“ಸಿಕ್ಕಿಹಾಕ್ಕೊಂಡರೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಲ್ಲ?”

“ಆ ಮಾತು ಮಾತ್ರ ನಮ್ಮ ಮನೇಲಿ ಎತ್ತಬೇಡ,” ಅಂತ ನಾನು ಹೇಳುತ್ತಿರುವಾಗಲೇ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದೆ. ಆ ಕಡೆ ಫ್ಯಾನು ಕಿರುಗುಟ್ಟುವ ಶಬ್ದ, ಅದರ ಮೇಲೆ ಎಕ್ಸ್‌ಚೇಂಜಿನ ಹಳೇ ಧ್ವನಿ.

“ಅಳಿಯಂದಿರೇ, ಇವತ್ತು ಸಂಜೆಯ ನಿಮ್ಮ ಚೂರನ್ನ ಬ್ರೆಡ್ ಸುಡೋ ಯಂತ್ರಕ್ಕೆ ಕೊಟ್ಟಿದ್ದೀನಿ. ದಯವಿಟ್ಟು ನಾಳೆ ಪ್ರಯತ್ನಿಸಿ.”